ಬಳೆ ಹೆಚ್ಚುವ ಸೀನು

ರಾಮನಗರದ ಥಿಯೇಟರಿನ ಮುಂದೆ ಟೆಂಪೊ ನಿಂತದ್ದೇ ತಡ, ಮೊದಲು ಇಳಿದವಳು ಅಂಬಮ್ಮ. ಅವಳ ಹಿಂದೆ ಕೂಟಗಲ್ಲಿನ ಹೆಂಗಸರು ಮಂಡಿ ಹಿಡಿದುಕೊಂಡು, ಸೆರಗು ಕೊಡವಿಕೊಂಡು, 'ಅಯ್ಯೋ ನಿಧಾನ ಕಣೇ' ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಇಳಿದರು. ಎಲ್ಲರಿಗಿಂತ ಕೊನೆಗೆ, ಇಳಿಯಲೋ ಬೇಡವೋ ಎಂದು ಯೋಚಿಸಿ ಇಳಿದವಳು ಅಂಬಮ್ಮನ ಸೊಸೆ ಮಾನ್ಯ. ಥಿಯೇಟರಿನ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡು ನಿಂತಿದ್ದವಳೂ ಅವಳೇ. ತಲೆಯ ಮೇಲೆ 'ಕೆಂಚಿಯ ಮಂದೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು.

"ನೋಡ್ರೇ, ನಮ್ ಮಾನ್ಯ! ಗೋಡೆ ಸಾಲ್ದಂಗ್ ನಿಂತವ್ಳೆ!" ಎಂದು ಅಂಬಮ್ಮ ರಸ್ತೆಗೆಲ್ಲ ಕೇಳುವಂತೆ ಕೂಗಿದಳು.

ಬೇರೆ ಯಾವ ಹೆಣ್ಣಾಗಿದ್ದರೂ ಆ ಹೊತ್ತಿನಲ್ಲಿ ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದಳು. ಮಾನ್ಯ ಮಾತ್ರ ಗೋಡೆಯ ಕಡೆ ಕಣ್ಣೆತ್ತದೆ ಟೆಂಪೊದ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ಈ ಸಿನಿಮಾದಲ್ಲಿ ಇಂಟರ್‌ವಲ್ ಆದಮೇಲೆ ಅವಳ ಗಂಡ ಸಾಯುತ್ತಾನೆ. ಸಿನಿಮಾದ ಗಂಡ, ನಿಜ. ಆದರೆ ಆಮೇಲೆ ಹೆಂಗಸರು ಸೇರಿ ಬಳೆ ಒಡೆಯುವುದು ಇದೇ ಮಾನ್ಯಳ ಕೈಯದ್ದು, ಕುಂಕುಮ ಅಳಿಸುವುದು ಇದೇ ಮಾನ್ಯಳ ಹಣೆಯದ್ದು. ಪಕ್ಕದ ಸೀಟಿನಲ್ಲಿ ಅವಳ ನಿಜವಾದ ಗಂಡ ಗುಂಡುಕಲ್ಲಿನಂತೆ ಕೂತಿರುತ್ತಾನೆ, ಅವನನ್ನು ಹೆತ್ತವಳು ಅವನ ಪಕ್ಕದಲ್ಲಿ. ತಾಯಿ ಮಗ ಇಬ್ಬರಿಗೂ ಇದರ ಸುಳಿವೇ ಇಲ್ಲ. ಅಷ್ಟೇ ಆಗಿದ್ದರೂ ಹೇಗೋ ತಡೆದುಕೊಳ್ಳಬಹುದಿತ್ತು. ಅಂಬಮ್ಮ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದದ್ದು ಬೇರೆಯದೇ ಒಂದು ಸೀನು ನೋಡಲು. ಪರದೆಯ ಮೇಲೆ ಸೊಸೆಗೆ ಬಳೆ ತೊಡಿಸುವ ಶಾಸ್ತ್ರ ನಡೆಯುತ್ತದೆ ಎಂದು ಅವಳು ನಂಬಿದ್ದಳು.

ಇದಕ್ಕೆಲ್ಲ ಕಾರಣ ಸಿದ್ದರಾಮುವಿನ ಕಿವಿ. ಸಿದ್ದರಾಮು ಮಾನ್ಯಳ ಗಂಡ. ಕುರಿ ಕೆಮ್ಮಿದರೆ ಆಚೆ ಹೊಲದಿಂದ ಕೇಳಿಸೀತು ಅವನಿಗೆ, ಹೆಂಡತಿ ಎದುರಿಗೆ ನಿಂತು ಹೇಳಿದ್ದು ಮಾತ್ರ ಅರ್ಧವೇ ಕೇಳಿಸುತ್ತದೆ.

ಹೋದ ವರ್ಷ ಮಾಗಡಿ ಕಡೆಯ ಅನಂತರಾಜು ಎನ್ನುವ ಡೈರೆಕ್ಟರು ಅವರ ಮನೆಗೆ ಬಂದದ್ದು ಕುರಿಮಂದೆ ಬಾಡಿಗೆಗೆ ಕೇಳಲು. ಬೆಂಗಳೂರಿನಿಂದ ಬಂದಿದ್ದ ಹೀರೋಯಿನ್ನು ಮಂದೆಯ ಹತ್ತಿರ ಹೋದರೆ ಸಾಕು, ಕುರಿಗಳು ದಿಕ್ಕಿಗೊಂದಾಗಿ ಓಡುತ್ತಿದ್ದವು. ಅವಳ ಸೆಂಟು ಕುರಿಗಳಿಗೆ ಹಿಡಿಸಲಿಲ್ಲ ಎಂದು ಸಿದ್ದರಾಮು ಇವತ್ತಿಗೂ ಹೇಳುತ್ತಾನೆ. ಬೆಳಗಿನಿಂದ ಈ ಪಾಡು ನೋಡಿ ನೋಡಿ ರೋಸಿಹೋದ ಮಾನ್ಯ ಬಂಡೆಯ ಮೇಲೆ ಹತ್ತಿ ಒಂದು ಕೂಗು ಹಾಕಿದಳು. ಚೆದುರಿದ್ದ ಮಂದೆಯೆಲ್ಲ ತಿರುಗಿ, ಮಡುವಿಗೆ ನೀರು ನುಗ್ಗಿದಂತೆ ಅವಳ ಕಾಲಬುಡಕ್ಕೆ ಬಂತು. ಕ್ಯಾಮೆರಾ ಹಿಡಿದಿದ್ದ ಚನ್ನಪಟ್ಟಣದ ಹುಡುಗಿ ಇಕ್ರಾ ಯಾರ ಅಪ್ಪಣೆಯನ್ನೂ ಕಾಯದೆ ಅದನ್ನು ಹಿಡಿದುಕೊಂಡುಬಿಟ್ಟಿದ್ದಳು. ವಾರದೊಳಗೆ ಹೀರೋಯಿನ್ನು ಬೆಂಗಳೂರಿಗೆ ಹೋದಳು, ಮಾನ್ಯ ಕೆಂಚಿಯಾದಳು. ಹೀರೋ ಮೈ ಮುಟ್ಟಕೂಡದು, ಕುಣಿತ ಇರಕೂಡದು ಎಂದು ಅಂಬಮ್ಮ ಕರಾರು ಹಾಕಿದಳು. ಅನಂತರಾಜು ಕೈಮುಗಿದು ಎರಡಕ್ಕೂ ಒಪ್ಪಿಕೊಂಡ.

ಕೊನೆಕೊನೆಗೆ ಆ ಸೀನು ಬಂತು. ಗಂಡನಿಗೆ ಹೇಳದೆ ಮಾಡುವಂಥದ್ದಲ್ಲ. ಹೇಳಲು ಹೋದರೆ ನಾಲಿಗೆ ಏಳದು. ನಮ್ಮ ಕಡೆ ಮುತ್ತೈದೆಯರು ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಪಾತ್ರೆ ತೊಳೆಯುವಾಗ ಒಂದು ಬಳೆ ಚೂರಾದರೂ 'ಬಳೆ ಹೆಚ್ಚಿತು' ಎನ್ನುತ್ತಾರೆ, ಹೋಗುವವರು 'ಬತ್ತೀನಿ' ಎನ್ನುವ ಹಾಗೆ. ಮಾನ್ಯಳೂ ತಾಯಿ ಕಲಿಸಿದ ಹಾಗೇ ಹೇಳಿದಳು.

"ನಾಳಿದ್ದು ಬಳೆ ಹೆಚ್ಚೋ ಸೀನ್ ಐತಂತೆ. ಮಾಡ್ಲಾ, ಬ್ಯಾಡ್ವಾ? ನೀವೇ ಹೇಳಿ."

ಸಿದ್ದರಾಮು ಫೋನಿನಲ್ಲಿ ಯಾವುದೋ ಟಗರಿನ ಫೋಟೊ ನೋಡುತ್ತಿದ್ದ. "ಹೆಚ್ಚಲಿ ಬುಡಮ್ಮಿ, ಸಿನಿಮಾದಾಗೆ ತಾನೆ" ಎಂದ, ತಲೆ ಎತ್ತದೆ.

ಎಂಥ ದೊಡ್ಡ ಮನಸ್ಸು ನನ್ನ ಗಂಡನದು ಎಂದು ಮಾನ್ಯ ಆ ದಿನ ಕಣ್ಣು ಒರೆಸಿಕೊಂಡಿದ್ದಳು, ಪಾಪ. ಅವನು ಸಂಜೆ ತಾಯಿಗೆ ವರದಿ ಒಪ್ಪಿಸಿದ್ದು ಹೀಗೆ: "ನಿನ್ ಸೊಸೆಗೆ ಕೈ ತುಂಬ ಬಳೆ ತೊಡುಸ್ತಾರಂತೆ ಕಣವ್ವ. ಇರೋದ್ ಸಾಲ್ದು, ಇನ್ನೂ ಹೆಚ್ಚಿಗೆ." ಶೂಟಿಂಗಿನ ದಿನ ತಾಯಿ ಮಗ ಇಬ್ಬರೂ ಊರಿನಲ್ಲಿರಲಿಲ್ಲ. ಸೊಸೆಯ ಸಿನಿಮಾ ಚೆನ್ನಾಗಿ ಓಡಲಿ ಎಂದು ಕಬ್ಬಾಳಮ್ಮನಿಗೆ ಹರಕೆ ಹೇಳಿಕೊಳ್ಳಲು ಕಬ್ಬಾಳಿಗೆ ಹೋಗಿದ್ದರು.

ಈ ಎಡವಟ್ಟು ಮಾನ್ಯಳಿಗೆ ಗೊತ್ತಾದದ್ದು ಮೊನ್ನೆ ಮೊನ್ನೆ, ಹಾಲಿನ ಡೈರಿಯ ಮುಂದೆ. ಅಂಬಮ್ಮ ಸಾಲಿನಲ್ಲಿದ್ದವರನ್ನೆಲ್ಲ ಸಿನಿಮಾಕ್ಕೆ ಕರೆಯುತ್ತಿದ್ದಳು. "ಬಳೆ ಶಾಸ್ತ್ರ ಐತಂತೆ ಕಣ್ರೇ. ತವರಲ್ಲಿ ಬುಟ್ಟಿರೋ ಮೊಮ್ಮಗನ ಬಸುರಲ್ಲಿ ಸೊಸೆಗ್ ತೊಡ್ಸುವಾಗ ನಾನು ಒಳಮನೇಲಿ ಕುಂತಿದ್ದೆ. ನಮ್ಮೆಜಮಾನ್ರು ಹೋಗಿ ಇನ್ನೂ ವರ್ಷ ತುಂಬಿರ್ಲಿಲ್ಲ. ಬಾಗ್ಲಿಗೆ ಬರಂಗಿಲ್ಲ, ಇಣುಕಂಗಿಲ್ಲ. ಬರೇ ಸದ್ದು ಕೇಳುಸ್ಕಂಡೆ. ಸಿನಿಮಾದಾಗಾದ್ರೆ ಯಾರ್ ಬ್ಯಾಡ ಅಂತಾರೆ? ಕಣ್ತುಂಬ ನೋಡ್ತೀನಿ."

ಹಿಂದೆ ಕ್ಯಾನು ಹಿಡಿದು ನಿಂತಿದ್ದ ಮಾನ್ಯ ಇದನ್ನೆಲ್ಲ ಕೇಳಿಸಿಕೊಂಡಳು. ಆ ಮುಖ ನೋಡಿದಮೇಲೆ 'ಹಾಗಲ್ಲ ಅತ್ತೆ' ಎನ್ನುವ ಎರಡು ಮಾತು ಅವಳ ಬಾಯಿಂದ ಹೊರಡಲೇ ಇಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲಿಲ್ಲ, ಟೆಂಪೊ ಬಂತು.

ಥಿಯೇಟರಿನ ಒಳಗೆ, ಪಾಪ್‌ಕಾರ್ನ್ ಮಾರುವ ಜಾಗದಲ್ಲಿ ಅವಳು ಗಂಡನ ತೋಳು ಹಿಡಿದು ಗೋಡೆಯ ಮೂಲೆಗೆ ಎಳೆದಳು. ಸುತ್ತು ಬಳಸದೆ ಹೇಳಿಯೂಬಿಟ್ಟಳು. ಈ ಸಲ 'ಒಡೆಯುವುದು' ಎಂದೇ ಹೇಳಿದಳು. ಸಿದ್ದರಾಮುವಿನ ಬಾಯಲ್ಲಿದ್ದ ಪಾಪ್‌ಕಾರ್ನು ಅಲ್ಲೇ ನಿಂತಿತು.

"ಸಾಯೋದು ಯಾರು?"

"ನನ್ ಗಂಡ. ಸಿನಿಮಾದೋನು."

"ಅವ್ವಂಗ್ ಏನಮ್ಮಿ ಹೇಳೋದು ಈಗ?" ಅವನ ಮುಖ ಸುಣ್ಣವಾಯಿತು. "ಮೊದ್ಲೇ ಬಾಯ್ಬುಟ್ಟು ಹೇಳ್ಬಾರ್ದಾ?"

"ಹೇಳಿದ್ನಲ್ಲ! ಬಳೆ ಹೆಚ್ಚೋ ಸೀನು ಅಂತ ಹೇಳ್ಲಿಲ್ವಾ?"

ಅವನು ತಲೆ ಕೆರೆದುಕೊಂಡ. ಆಮೇಲೆ ದೊಡ್ಡ ಉಪಾಯ ಕಂಡವನಂತೆ, "ಇಂಟರ್‌ವಲ್‌ನಾಗೆ ಅವ್ವನ್ನ ಎಬ್ಬುಸ್ಕಂಡು ಹೋಗ್ಬುಡಾನ. ನಂಗ್ ಹೊಟ್ಟೆನೋವು ಅಂತೀನಿ" ಎಂದ. ಬೆಲ್ಲು ಹೊಡೆಯಿತು.

ಮಾನ್ಯ ತನ್ನ ಸಿನಿಮಾವನ್ನು ಒಂದು ತುಣುಕೂ ನೋಡಿರಲಿಲ್ಲ. ಮಾತುಗಳನ್ನೆಲ್ಲ ಶೂಟಿಂಗಿನ ಜಾಗದಲ್ಲೇ ಹಿಡಿದಿದ್ದರಿಂದ ಡಬ್ಬಿಂಗಿಗೂ ಯಾರೂ ಕರೆದಿರಲಿಲ್ಲ. ದೀಪ ಹೋಗಿ ಪರದೆ ಬೆಳಗಿದಾಗ, ಹೆದರಿಕೆಯ ನಡುವೆಯೂ ಅವಳು ಉಸಿರು ಬಿಡುವುದನ್ನು ಮರೆತಳು. ಅದು ಕೂಟಗಲ್ಲೇ. ದಿನವೂ ಕುರಿ ಹೊಡೆದುಕೊಂಡು ಹೋಗುವ ಬಂಡೆಗಳೇ. ಆದರೆ ಇಷ್ಟು ಬಣ್ಣ ಅವುಗಳಿಗೆ ಯಾವಾಗ ಬಂತು? ಬೆಳಗಿನ ಮಂಜಿನಲ್ಲಿ ಬಂಡೆ ಬೂದಿಬಣ್ಣದಿಂದ ನಸುಗೆಂಪಿಗೆ, ನಸುಗೆಂಪಿನಿಂದ ಜೇನಿನ ಬಣ್ಣಕ್ಕೆ ತಿರುಗುವುದನ್ನು ಇಕ್ರಾ ಅವಸರವಿಲ್ಲದೆ ತೋರಿಸಿದ್ದಳು. ಶೂಟಿಂಗಿನಲ್ಲಿ ಆ ಹುಡುಗಿ ಎಲ್ಲರನ್ನೂ ಗಂಟೆಗಟ್ಟಲೆ ಕೂರಿಸಿ, 'ಬೆಳಕು ಇನ್ನೂ ಕಾಯಿ ಐತೆ, ಹಣ್ಣಾಗ್ಲಿ ಇರಿ' ಎನ್ನುತ್ತಿದ್ದಳು. ಅವಳನ್ನು ಮನಸ್ಸಿನಲ್ಲೇ ಬೈದುಕೊಂಡದ್ದು ಎಷ್ಟು ಸಲವೋ. ಈಗ ಪರದೆಯ ಮೇಲೆ ಆ ಬೆಳಕು ಹಣ್ಣಾಗಿತ್ತು. ರಾಗಿಹೊಲದ ಮೇಲೆ ಗಾಳಿ ನಡೆದದ್ದು ಕಾಣುತ್ತಿತ್ತು. ರೇಷ್ಮೆಹುಳುವಿನ ಮನೆಯೊಳಗೆ ಹುಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರು ಸುತ್ತುಗಳ ಸಂದಿಯಿಂದ ಬಿಸಿಲು ಕೆಂಚಿಯ ಮುಖದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿತ್ತು.

ಕೆಂಚಿ ಎಂದರೆ ತಾನು ಎನ್ನುವುದನ್ನೂ ಮಾನ್ಯ ಆಗಾಗ ಮರೆಯುತ್ತಿದ್ದಳು. ಹಸಿದ ಮರಿಯನ್ನು ಮಡಿಲಿಗೆ ಹಾಕಿಕೊಂಡು ಹಾಲು ಕುಡಿಸುವಾಗ ಕೆಂಚಿ ಅದರ ಜೊತೆಗೆ ತಾನೂ ತುಟಿ ಚೀಪುತ್ತಾಳೆ. ಯಾರೋ ನಕ್ಕರು, ಕೂಡಲೇ ಇನ್ಯಾರೋ 'ಶ್' ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ರಾಮನಗರದ ಕಾಲೇಜು ಹುಡುಗರು ಫೋನು ತೆಗೆಯುವುದನ್ನೇ ಬಿಟ್ಟಿದ್ದರು.

"ಚಂದಾಗ್ ತಗ್ದವ್ರೆ ಕಣ್ಲಾ" ಎಂದು ಅಂಬಮ್ಮ ಮಗನ ಕಿವಿಯಲ್ಲಿ ಹೇಳಿದಳು. "ಇವ್ಳೂ ಆಕ್ಟ್ ಮಾಡ್ದಂಗೇ ಇಲ್ಲ. ಮನೇಲಿದ್ದಂಗೇ ಅವ್ಳೆ." ಪಕ್ಕದ ದೊಡ್ಡಲಕ್ಷ್ಮಮ್ಮನಿಗೆ ಮೊಣಕೈಯಿಂದ ತಿವಿದು, "ಬಳೆ ಶಾಸ್ತ್ರ ಇನ್ನೇನ್ ಬತ್ತದೆ, ನಿದ್ದೆಗಿದ್ದೆ ಮಾಡೀಯ" ಎಂದಳು. ದೊಡ್ಡಲಕ್ಷ್ಮಮ್ಮ ಎದುರುಮನೆಯವಳು. ಅವಳು ಒಂದನ್ನು ನೋಡಿದರೆ ಊರು ಹತ್ತನ್ನು ಕೇಳುತ್ತದೆ.

ಇಂಟರ್‌ವಲ್‌ನಲ್ಲಿ ಸಿದ್ದರಾಮು ಹೊಟ್ಟೆ ಹಿಡಿದುಕೊಂಡು ಮುಲುಗಿದ. ಟಗರಿನ ವ್ಯಾಪಾರದಲ್ಲಿ ಸುಳ್ಳು ಹೇಳುವುದು ಅವನಿಗೆ ನೀರು ಕುಡಿದಷ್ಟು ಸುಲಭ, ತಾಯಿಯ ಮುಂದೆ ಮಾತ್ರ ಬೆವರು ಬರುತ್ತದೆ.

"ಹೊಟ್ಟೆನೋವಾ? ಹೋಗಿ ಸೋಡ ಕುಡ್ದು ಬಾ."

"ಮನೆಗ್ ಹೋಗಾನ ಅವ್ವ. ನಿಂತ್ಕಳಕ್ಕೇ ಆಯ್ತಿಲ್ಲ."

"ನೀನ್ ಹೋಗಪ್ಪ. ಸೊಸೆಗೆ ಬಳೆ ತೊಡ್ಸೋದ್ ನೋಡ್ದೆ ನಾನ್ ಎದ್ದೇನಾ?"

ಮಾನ್ಯ ಅತ್ತೆಯ ಪಕ್ಕಕ್ಕೆ ಹೋಗಿ ಕುಕ್ಕುರುಗಾಲಿನಲ್ಲಿ ಕೂತಳು. "ಅತ್ತೆ, ಒಸಿ ಹೊರಗಡೆ ಬತ್ತೀರಾ? ಒಂದ್ ಮಾತ್ ಹೇಳ್ಬೇಕು."

"ಆಮೇಲ್ ಹೇಳು ಮಗ, ದೀಪ ಹೋಯ್ತು ನೋಡು" ಎಂದು ಅಂಬಮ್ಮ ಅವಳ ಗಲ್ಲ ಸವರಿದಳು. ಆ ಕೈ ತಣ್ಣಗಿತ್ತು. ಮಾನ್ಯಳಿಗೆ ಅಲ್ಲೇ ಅತ್ತುಬಿಡಬೇಕು ಎನ್ನಿಸಿತು.

ಪರದೆಯ ಮೇಲೆ ಮಳೆ ಬಂತು, ಸಿಡಿಲು ಬಂತು, ಮಂದೆ ಹುಡುಕಲು ಹೋದ ಕೆಂಚಿಯ ಗಂಡ ಹೆಣವಾಗಿ ಬಂದ. ಅಂಬಮ್ಮ ಕೂತಲ್ಲೇ ಮುಂದಕ್ಕೆ ಬಾಗಿದಳು. ಕೆರೆಯ ಏರಿಯ ಮೇಲೆ ಹೆಂಗಸರು ಗುಂಪಾಗಿ ನಡೆದರು. ನೀರಿನಲ್ಲಿ ಅವರ ನೆರಳು ತಲೆಕೆಳಗಾಗಿ ನಡೆಯಿತು. ಯಾರ ಮುಖವೂ ಕಾಣಲಿಲ್ಲ. ಕೆಂಚಿಯ ಎರಡು ಕೈ, ಒಂದು ಕಲ್ಲು, ಅಷ್ಟೇ ಕಂಡದ್ದು. ಹಸಿರು ಬಳೆ ಚೂರು ಚೂರಾಗಿ ನೀರಿಗೆ ಬಿದ್ದು, ಬಿಸಿಲಿಗೆ ಮಿನುಗಿ ಮುಳುಗಿದವು. ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಇಷ್ಟು ಚೆನ್ನಾಗಿ ಕಾಣಬಾರದಿತ್ತು ಎಂದು ಮಾನ್ಯಳಿಗೆ ಸಿಟ್ಟು ಬಂತು.

"ಅಯ್ಯೋ ಶಿವನೇ" ಎಂದಳು ದೊಡ್ಡಲಕ್ಷ್ಮಮ್ಮ, ಬೇಕೆಂದೇ ಜೋರಾಗಿ. "ಗಂಡ ಬದ್ಕಿದ್ದಂಗೇ! ಇದೇ ಏನೇ ಅಂಬಮ್ಮ ನಿನ್ ಬಳೆ ಶಾಸ್ತ್ರ?"

ಅಂಬಮ್ಮನ ಒಂದು ಕೈ ಮಗನ ಮಂಡಿಯ ಮೇಲೆ ಬಂದು ಗಟ್ಟಿಯಾಗಿ ಹಿಡಿಯಿತು. ಆದದ್ದು ಆಗಿಹೋಯಿತು, ಇನ್ನು ಬೈದರೆ ಬೈಸಿಕೊಳ್ಳುವುದು, ಹೊಡೆದರೆ ಹೊಡೆಸಿಕೊಳ್ಳುವುದು ಎಂದು ಮಾನ್ಯ ಅಂದುಕೊಂಡಳು. ಹಾಗೆ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಸೀನು ಬಂತು.

ಗಂಡನ ತಿಥಿ ಕಳೆದು, ನೆಂಟರೆಲ್ಲ ಹೋಗಿ, ಕೆಂಚಿ ಒಬ್ಬಳೇ ಅಡುಗೆಮನೆಗೆ ಬರುತ್ತಾಳೆ. ಸೂರಿನ ಗವಾಕ್ಷಿಯಿಂದ ಒಂದು ಕೋಲು ಬೆಳಕು, ಅದರಲ್ಲಿ ಹೊಗೆ. ಮಾತಿಲ್ಲ, ಸಂಗೀತವಿಲ್ಲ. ಕುದಿಯುವ ಎಸರಿಗೆ ರಾಗಿಹಿಟ್ಟು ಹಾಕುತ್ತಾಳೆ. ಹಿಟ್ಟಿನ ಕೋಲು ತೆಗೆದುಕೊಳ್ಳುತ್ತಾಳೆ. ತಿರುವುವ ಮೊದಲು ಅವಳ ಎಡಗೈ ಬಲಗೈಯ ಮುಂಗೈಗೆ ಹೋಗಿ, ಬಳೆಗಳನ್ನು ಮೊಣಕೈಯತ್ತ ಮೇಲಕ್ಕೆ ಸರಿಸುತ್ತದೆ. ಬಳೆ ಇಲ್ಲ. ಬರಿಯ ಕೈಯ ಮೇಲೆ ಬೆರಳು ಜಾರಿಹೋಗುತ್ತದೆ. ಕೆಂಚಿಗೆ ಅದು ಗೊತ್ತೇ ಆಗುವುದಿಲ್ಲ. ಹಿಟ್ಟು ತಿರುವಲು ತೊಡಗುತ್ತಾಳೆ.

ಥಿಯೇಟರಿನಲ್ಲಿ ಯಾರೋ ಗಂಡಸು ಬಿಕ್ಕಿದ. ಕೂಟಗಲ್ಲಿನ ಹೆಂಗಸರೆಲ್ಲ ಸೆರಗಿಗೆ ಮುಖ ಒತ್ತಿಕೊಂಡಿದ್ದರು. ದೊಡ್ಡಲಕ್ಷ್ಮಮ್ಮನೂ ಅಳುತ್ತಿದ್ದಳು, ಬೈಯುವುದನ್ನು ಬಿಟ್ಟು.

ಮಾನ್ಯ ಮಾತ್ರ ಆ ಕೈಯನ್ನೇ ನೋಡುತ್ತಿದ್ದಳು. ಶೂಟಿಂಗಿನ ದಿನ ಅನಂತರಾಜು ಅಳಬೇಕು ಎಂದಿದ್ದ, ಅವಳಿಗೆ ಅಳು ಬಂದಿರಲಿಲ್ಲ. ಹಿಟ್ಟಾದರೂ ತಿರುವಮ್ಮ ಎಂದ, ತಿರುವಿದಳು. ಕೈ ತಾನಾಗಿ ಏನೋ ಮಾಡಿತು. ಡೈರೆಕ್ಟರು ಕಟ್ ಎನ್ನುವುದನ್ನೂ ಮರೆತು ಕೂತಿದ್ದ. ಯಾಕೆ ಎಂದು ಅವಳಿಗೆ ತಿಳಿದಿರಲಿಲ್ಲ. ಈಗ ಪರದೆಯ ಮೇಲೆ ನೋಡಿದಾಗ ತಿಳಿಯಿತು. ಅದು ಅವಳ ಕೈಯಲ್ಲ. ಅತ್ತೆಯ ಕೈ. ಮಾವ ಚನ್ನಯ್ಯ ತೀರಿಕೊಂಡಂದಿನಿಂದ ಅಂಬಮ್ಮ ದಿನವೂ ಒಲೆಯ ಮುಂದೆ ಹೀಗೇ ಇಲ್ಲದ ಬಳೆ ಸರಿಸಿಕೊಂಡು ಹಿಟ್ಟು ತಿರುವುತ್ತಿದ್ದಳು. ಮಾನ್ಯ ದಿನವೂ ನೋಡುತ್ತಿದ್ದಳು. ನೋಡಿದ್ದು ಕೈಗೆ ಇಳಿದಿತ್ತು. ಅತ್ತೆಯ ಅತ್ಯಂತ ಒಳಗಿನ ದುಃಖವನ್ನು ಕದ್ದು ತಂದು ಗೋಡೆಯಗಲಕ್ಕೆ ಬಿಡಿಸಿ ಊರಿಗೆ ತೋರಿಸಿದಂತಾಗಿತ್ತು. ಬಳೆ ಒಡೆದದ್ದಕ್ಕೆ ಸಿನಿಮಾ ಎಂಬ ನೆಪವಿತ್ತು, ಇದಕ್ಕೆ ಯಾವ ನೆಪವೂ ಇರಲಿಲ್ಲ. ಅವಳು ಕಳ್ಳಿಯಂತೆ ಓರೆಗಣ್ಣಿನಲ್ಲಿ ನೋಡಿದಳು. ಅಂಬಮ್ಮ ಅಳುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದು, ರೆಪ್ಪೆ ಹೊಡೆಯದೆ ಪರದೆ ನೋಡುತ್ತಿದ್ದಳು.

ಸಿನಿಮಾ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವಳೇ ಅವಳು ಎಂದು ಗೊತ್ತಾಗಿ ಕಾಲೇಜು ಹುಡುಗರು ಸೆಲ್ಫಿಗೆ ಮುತ್ತಿಕೊಂಡರು. ಒಬ್ಬ ಹುಡುಗಿ ಮಾತಾಡಲಾಗದೆ ಮಾನ್ಯಳ ಕೈ ಹಿಡಿದು ಸುಮ್ಮನೆ ನಿಂತಳು. ಮಾನ್ಯಳ ಕಣ್ಣು ಮಾತ್ರ ಬಾಗಿಲ ಕಡೆ ನಡೆಯುತ್ತಿದ್ದ ಬಿಳಿಯ ತಲೆಯ ಹಿಂದೆಯೇ ಹೋಗುತ್ತಿತ್ತು.

ಟೆಂಪೊದಲ್ಲಿ ಸಿದ್ದರಾಮು ತಡೆಯಲಾರದೆ ಬಾಯಿಬಿಟ್ಟ. "ತಪ್ಪು ನಂದು ಕಣವ್ವ. ಅವ್ಳು ಹೇಳಿದ್ಲು. ನಾನೇ ಹೆಚ್ಚಿಗೆ ಬಳೆ ತೊಡುಸ್ತಾರೆ ಅಂದ್ಕಂಡೆ."

"ಸುಮ್ಕಿರ್ಲಾ" ಎಂದಳು ಅಂಬಮ್ಮ.

ಹೊರಗೆ ಸಂಜೆ ಬಿಸಿಲಿಗೆ ಬಂಡೆಗಳು ಸಿನಿಮಾದಲ್ಲಿ ಇದ್ದಂತೆಯೇ ಜೇನುಬಣ್ಣಕ್ಕೆ ತಿರುಗಿದ್ದವು, ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಮಾನ್ಯ ದಾರಿಯುದ್ದಕ್ಕೂ ಅತ್ತೆ ಬೈಯಲಿ, ಒಂದು ಸಲ ಬೈದುಬಿಡಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಮನೆಗೆ ಬಂದು ಅಂಬಮ್ಮ ಕೈಕಾಲು ತೊಳೆದಳು, ಸೀದಾ ಅಡುಗೆಮನೆಗೆ ಹೋದಳು. ಸಿದ್ದರಾಮು ಕುರಿ ಕೂಡಿಹಾಕುವ ನೆಪದಲ್ಲಿ ಹಟ್ಟಿಯ ಕಡೆ ಮಾಯವಾದ. ಮಾನ್ಯ ಬಾಗಿಲ ಹತ್ತಿರ ನಿಂತಳು, ಒಳಗೆ ಹೋಗುವ ಧೈರ್ಯವಿಲ್ಲ, ಹಿಂದೆ ಸರಿಯುವ ಧೈರ್ಯವೂ ಇಲ್ಲ. ಎಸರು ಕುದಿಯಿತು. ಅಂಬಮ್ಮ ಹಿಟ್ಟು ಹಾಕಿದಳು, ಬೆಂದ ವಾಸನೆ ಬರುವವರೆಗೆ ಕಾದಳು, ಕೋಲು ತೆಗೆದುಕೊಂಡಳು. ಅವಳ ಎಡಗೈ ಮೇಲೆದ್ದು ಬಲಗೈಯ ಕಡೆಗೆ ಹೊರಟಿತು. ನಡುದಾರಿಯಲ್ಲಿ ನಿಂತುಬಿಟ್ಟಿತು.

ಅಂಬಮ್ಮ ಆ ಕೈಯನ್ನು ನೋಡಿದಳು, ಬೇರೆ ಯಾರದೋ ಕೈಯನ್ನು ನೋಡುವಂತೆ.

"ನಾನ್ ಹಿಂಗೇ ಮಾಡ್ತಿದ್ನಾ ಮಗ?"

"ಹೂಂ ಅತ್ತೆ."

"ದಿನಾಲೂವಾ?"

"ದಿನಾಲೂ."

"ನಂಗ್ ಗೊತ್ತೇ ಇರ್ಲಿಲ್ಲ ಕಣವ್ವ." ಮತ್ತೊಮ್ಮೆ ಕೈ ಎತ್ತಿದಳು. ಅದು ಹೋಗಲಿಲ್ಲ. ಕೋಲು ಪಾತ್ರೆಯ ಅಂಚಿಗೆ ಒರಗಿಸಿ ಅವಳು ಎರಡೂ ಕೈ ಮಡಿಲಿಗೆ ಇಟ್ಟುಕೊಂಡಳು. "ಇನ್ನ್ ಆಯ್ಕಿಲ್ಲ. ಕೈಗ್ ಗೊತ್ತಾಗ್ಬುಡ್ತು."

ಆಗ ಮಾನ್ಯಳಿಗೆ ತಾನು ಮಾಡಿದ್ದು ಏನೆಂದು ಪೂರ್ತಿ ಅರ್ಥವಾಯಿತು. ಮಾವನ ತಿಥಿಯ ದಿನ ಕೆರೆಯ ಏರಿಯಲ್ಲಿ ಊರ ಹೆಂಗಸರೆಲ್ಲ ಸೇರಿ ತೆಗೆದರೂ ಅತ್ತೆಯ ಕೈಯಲ್ಲಿ ಒಂದು ಜೊತೆ ಬಳೆ ಉಳಿದುಕೊಂಡಿತ್ತು. ಯಾರ ಕಣ್ಣಿಗೂ ಬೀಳದೆ, ಅವಳಿಗೇ ಗೊತ್ತಾಗದೆ ಉಳಿದುಕೊಂಡಿತ್ತು. ಅದನ್ನು ಇವತ್ತು ತಾನು ತೆಗೆದಿದ್ದಳು. ಅವಳು ಹೊಸ್ತಿಲಲ್ಲೇ ಕೂತಳು.

"ತಪ್ಪಾಯ್ತು ಅತ್ತೆ. ನಾನ್ ಬೇಕೂಂತ ಮಾಡ್ಲಿಲ್ಲ."

"ತಪ್ಪು ಅಂತ ಯಾರಂದ್ರು?" ಅಂಬಮ್ಮನ ದನಿ ಒರಟಾಗಿತ್ತು, ಒದ್ದೆಯಾಗಿತ್ತು. "ಚಂದಾಗ್ ಮಾಡಿದ್ದೀಯ. ಅಷ್ಟೊಂದು ಚಂದಾಗ್ ಮಾಡ್ಬಾರ್ದಾಗಿತ್ತು."

ಹಿಟ್ಟು ತಳ ಹಿಡಿಯುವ ಸದ್ದು ಬಂತು. ಅಂಬಮ್ಮ ಎದ್ದು ಪಕ್ಕಕ್ಕೆ ಸರಿದು, ಕೋಲನ್ನು ಸೊಸೆಯ ಕಡೆ ಚಾಚಿದಳು. "ತಕ, ನೀನ್ ತಿರುವು."

ಮಾನ್ಯ ಕಣ್ಣು ಒರೆಸಿಕೊಂಡು ಬಂದು ಕೋಲು ಹಿಡಿದಳು. ಅವಳ ಕೈತುಂಬ ಗಾಜಿನ ಬಳೆ ಇದ್ದವು, ಮುಂಗೈಗೆ ಜಾರಿ ಪಾತ್ರೆಯ ಬಾಯಿಗೆ ತಾಗುತ್ತಿದ್ದವು. ಅತ್ತೆಯ ಎದುರಿಗೆ ಅವನ್ನು ಮುಟ್ಟುವ ಧೈರ್ಯ ಅವಳಿಗೆ ಬರಲಿಲ್ಲ. ಹಾಗೇ ತಿರುವಲು ಬಗ್ಗಿದಳು. ಬಿಸಿಹಬೆ ಮುಖಕ್ಕೆ ಹೊಡೆಯಿತು, ಒಂದು ಬಳೆಗೆ ಹಿಟ್ಟು ಮೆತ್ತಿತು.

"ಬಳೆ ಸರುಸ್ಕೊ ಮಗ" ಎಂದಳು ಅಂಬಮ್ಮ. "ಹಿಟ್ ಅಂಟ್ಕತದೆ."